ಜಾವಾಗೆ 6 ವೋಲ್ಟೇ ಸಾಕು: ಚಾರ್ಜಿಂಗ್ ಸರಿ ಮಾಡಿದ ನನ್ನ ಅನುಭವ

ಹಳೇ ಜಾವಾ ಬೈಕ್ ಇಟ್ಟುಕೊಂಡವರು ಸಿಕ್ಕಿದರೆ ಕೇಳುವ ಮೊದಲ ಪ್ರಶ್ನೆ, '12 ವೋಲ್ಟ್ ಮಾಡಿಸಿದ್ಯಾ?' ಅಂದರೆ 6 ವೋಲ್ಟಿನ ಗಾಡಿಯನ್ನು 12ಕ್ಕೆ ಬದಲಾಯಿಸಿದ್ಯಾ ಅಂತ. ನಾನು ಮಾಡಿಸಲಿಲ್ಲ. ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಲ್ಲಿಂದ ಬಂದ ಡೈನಮೋ, ಅಂದರೆ ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಭಾಗ, ನನ್ನ ಗಾಡಿಯಲ್ಲಿ ಇನ್ನೂ ಗಟ್ಟಿಯಾಗಿದೆ. ಅದನ್ನೇ 6 ವೋಲ್ಟಿನಲ್ಲಿ ಉಳಿಸಿಕೊಂಡು ಚಾರ್ಜಿಂಗ್ ಸರಿ ಮಾಡಿಕೊಂಡೆ. ಮಲೆನಾಡಲ್ಲಿ ಓಡಿಸುವ ಗಾಡಿಗೆ ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಲೆಕ್ಕ ಸುಲಭ. ಈ ಡೈನಮೋ ಕೊಡುವುದು 45 ವ್ಯಾಟ್. ಹೆಡ್‌ಲೈಟ್ ಬಲ್ಬಿಗೇ 35 ಬೇಕು, ಹಿಂದಿನ ದೀಪಕ್ಕೆ 5, ಎಂಜಿನ್ನಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್‌ಗೆ ಹತ್ತರ ಮೇಲೆ. ಅಲ್ಲಿಗೆ 45 ದಾಟಿತು. ಅದೂ ಎಂಜಿನ್ ಚೆನ್ನಾಗಿ ತಿರುಗುವಾಗ ಮಾತ್ರ ಸಿಗುವ 45. ಜುಲೈ ತಿಂಗಳಲ್ಲಿ ತೀರ್ಥಹಳ್ಳಿಯಿಂದ ಆಗುಂಬೆಗೆ ಯಾರು ಜೋರಾಗಿ ಹೋಗುತ್ತಾರೆ? ಮಳೆ, ಮಂಜು, ತಿರುವು, ರಸ್ತೆ ಮಧ್ಯೆ ಮಲಗಿದ ದನ. ಹಗಲಲ್ಲೂ ದೀಪ ಹಾಕಿಕೊಂಡು ನಿಧಾನ ಹೋಗಬೇಕು. ಚಾರ್ಜ್ ಆಗದಿದ್ದಾಗ ಹತ್ತುವ ಕೆಂಪು ದೀಪ ಉರಿಯುತ್ತಲೇ ಇರುತ್ತದೆ, ಬ್ಯಾಟರಿ ಇಳಿಯುತ್ತಲೇ ಇರುತ್ತದೆ.

ಇದೇ ಡೈನಮೋಗೆ 12 ವೋಲ್ಟಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ (ಡೈನಮೋ ಕೊಡುವ ವೋಲ್ಟನ್ನು ಹಿಡಿತದಲ್ಲಿಡುವ ಭಾಗ) ಹಾಕಬಹುದು, ಹಾಕಿದವರೂ ಇದ್ದಾರೆ. ಆದರೆ ಹೆಚ್ಚು ವೋಲ್ಟ್ ಬರಬೇಕಾದರೆ ಡೈನಮೋ ಹೆಚ್ಚು ವೇಗವಾಗಿ ತಿರುಗಬೇಕು. ಅಂದರೆ ಚಾರ್ಜಿಂಗ್ ಶುರುವಾಗುವುದೇ ತಡ. ಬೆಂಗಳೂರು ಹೆದ್ದಾರಿಗೆ ಅದು ನಡೆಯುತ್ತದೆ, ನಮ್ಮ ದಾರಿಗೆ ಉಲ್ಟಾ. ಝೆಕ್ ಕಂಪನಿ ವೇಪ್ ಮಾಡುವ ಪೂರ್ತಿ ಆಲ್ಟರ್ನೇಟರ್ ಕಿಟ್ ಕೂಡ ಇದೆ, ಡೈನಮೋ ಬದಲಿಗೆ ಕೂರುವಂಥದ್ದು. ಕರೆಂಟ್ ಧಾರಾಳ ಕೊಡುತ್ತದೆ. ಆದರೆ ಅದರಲ್ಲಿ ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ಕಡಿದು ಕೂಡಿಸುವ ಲೋಹದ ತುದಿಗಳು) ಹೋಗಿ ಎಲೆಕ್ಟ್ರಾನಿಕ್ ಇಗ್ನಿಷನ್ ಬರುತ್ತದೆ. ಹುಲಿಕಲ್ ಘಾಟಿಯಲ್ಲಿ ರಾತ್ರಿ ಗಾಡಿ ನಿಂತರೆ ಪಾಯಿಂಟನ್ನು ನಾನೇ ಉಜ್ಜಿ ಹೊರಡಬಲ್ಲೆ. ಮುಚ್ಚಿದ ಡಬ್ಬಿಯನ್ನು ಏನು ಮಾಡಲಿ?

ಹಾಗಾಗಿ ಮೊದಲು ವೈರಿಂಗ್ ಹಿಡಿದುಕೊಂಡೆ. ಹೆಚ್ಚಿನವರು ಕೈಬಿಡುವುದು ಇದನ್ನೇ. ದೀಪ ಹಾಕಿ, ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಬಲ್ಬಿನ ಪ್ಲಸ್‌ಗೆ ಇಡಿ. ಮೀಟರ್ ತೋರಿಸುವಷ್ಟು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿದೆ ಅಂತ ಅರ್ಥ. ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ಅರ್ಥ್ (earth) ಕಡೆಗೂ ಹೀಗೇ ನೋಡಿ. ನನ್ನ ಗಾಡಿಯಲ್ಲಿ ಎರಡೂ ಸೇರಿ ಸುಮಾರು ಒಂದು ವೋಲ್ಟ್ ಹೋಗುತ್ತಿತ್ತು. 12 ವೋಲ್ಟ್ ಗಾಡಿಯಾಗಿದ್ದರೆ ಹೇಗೋ ನಡೆಯುತ್ತಿತ್ತು. 6ರಲ್ಲಿ ಒಂದು ಹೋದರೆ ಫಿಲಮೆಂಟ್ ಬಲ್ಬಿನ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬಲ್ಬ್ ಮಂದ ಅಂತ ಡೈನಮೋವನ್ನು ಬೈದರೆ ಪ್ರಯೋಜನ ಇಲ್ಲ, ಅಲ್ವಾ?

ಕಾರಣ ನಮ್ಮ ತೇವ. ಕನೆಕ್ಟರ್ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು. ಹೆಡ್‌ಲೈಟಿನ ಅರ್ಥ್ ಬಣ್ಣ ಬಳಿದ ಫೋರ್ಕ್, ಗ್ರೀಸ್ ಹಚ್ಚಿದ ಬೇರಿಂಗ್ ಮೂಲಕ ಸುತ್ತಿ ಬರುತ್ತಿತ್ತು. ಮುಖ್ಯ ಲೈನುಗಳಿಗೆ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆದೆ. ಹೆಡ್‌ಲೈಟಿಗೂ ಎಂಜಿನ್ನಿಗೂ ಬ್ಯಾಟರಿಯಿಂದ ನೇರ ಅರ್ಥ್ ವೈರ್ ಕೊಟ್ಟೆ. ಇಷ್ಟಕ್ಕೇ ಹಳೇ ಬಲ್ಬ್ ಬೇರೆಯದೇ ಬಲ್ಬಿನಂತೆ ಉರಿಯಿತು.

ಆಮೇಲೆ ಎಲ್‌ಇಡಿ. 12 ವೋಲ್ಟಿನವು ಎಷ್ಟೋ 6 ವೋಲ್ಟಿಗೆ ಹತ್ತುವುದೇ ಇಲ್ಲ. 6 ವೋಲ್ಟಿಗೂ ಉರಿಯುತ್ತದೆ ಅಂತ ಬರೆದಿರುವುದನ್ನೇ ತೆಗೆದುಕೊಳ್ಳಿ. ಹಳೇ ಬಲ್ಬಿನ ಫಿಲಮೆಂಟ್ ಇದ್ದ ಜಾಗದಲ್ಲೇ ಚಿಪ್ ಕೂರಬೇಕು. ಇಲ್ಲದಿದ್ದರೆ ರಿಫ್ಲೆಕ್ಟರ್ ಬೆಳಕನ್ನು ಎಲ್ಲೆಲ್ಲೋ ಚೆಲ್ಲಿ ಎದುರಿನವರ ಕಣ್ಣು ಕುಕ್ಕುತ್ತದೆ. ನಾನು 12 ವ್ಯಾಟಿನ, ಹಳದಿ ಛಾಯೆಯದು ಹಾಕಿದೆ. ಮಂಜಿನಲ್ಲಿ ಕಣ್ಣಿಗೆ ಅದೇ ಹಿತ. ಹೊರೆಯಲ್ಲಿ 23 ವ್ಯಾಟ್ ಸುಮ್ನೆ ಉಳಿಯಿತು.

ಡೈನಮೋ ಇರುವುದು ಎಂಜಿನ್ನಿನ ಬಲಗಡೆ ಕವರ್ ಒಳಗೆ. ಕಮ್ಯುಟೇಟರನ್ನು, ಅಂದರೆ ಕಾರ್ಬನ್ ಬ್ರಷ್ ಒರೆಸಿಕೊಂಡು ತಿರುಗುವ ತಾಮ್ರದ ಪಟ್ಟಿಗಳ ಉರುಳೆಯನ್ನು, ನಯವಾದ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಪಟ್ಟಿಗಳ ನಡುವಿನ ಗೆರೆಯಲ್ಲಿದ್ದ ಕಾರ್ಬನ್ ಪುಡಿ ತೆಗೆದೆ. ಎಮೆರಿ ಹಾಳೆ ಬೇಡ, ಅದರ ಪುಡಿ ಅಲ್ಲೇ ಕೂತು ತೊಂದರೆ ಕೊಡುತ್ತದೆ. ಹೊಸ ಕಾರ್ಬನ್ ಬ್ರಷ್ ಹೋಲ್ಡರಿನಲ್ಲಿ ಸಲೀಸಾಗಿ ಜಾರಬೇಕು.

ಹಳೇ ರೆಗ್ಯುಲೇಟರಿನ ಒಳಗಿನ ಪಾಯಿಂಟುಗಳು ಸುಟ್ಟು ಗುಂಡಿ ಬಿದ್ದಿದ್ದವು. ಅದರ ಬದಲು 6 ವೋಲ್ಟಿನ ಎಲೆಕ್ಟ್ರಾನಿಕ್ ಹಾಕಿದೆ. ಕೊಳ್ಳುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಬ್ಯಾಟರಿಯ ಯಾವ ತುದಿ ಅರ್ಥ್ ಆಗಿದೆ, ಮತ್ತು ಫೀಲ್ಡ್ ಕಾಯಿಲಿನ (ಡೈನಮೋಗೆ ಅಯಸ್ಕಾಂತ ಶಕ್ತಿ ಕೊಡುವ ಸುರುಳಿ) ಇನ್ನೊಂದು ತುದಿ ಡೈನಮೋ ಒಳಗೆ ಬ್ರಷ್‌ಗೆ ಸೇರಿದೆಯೋ ಅರ್ಥ್‌ಗೋ. ರೆಗ್ಯುಲೇಟರ್ ಅದಕ್ಕೆ ಹೊಂದದಿದ್ದರೆ ಚಾರ್ಜ್ ಆಗುವುದಿಲ್ಲ, ಸುಟ್ಟೂ ಹೋಗಬಹುದು. ಜೋಡಿಸುವ ಮೊದಲು ಬ್ಯಾಟರಿಯಿಂದ ಫೀಲ್ಡ್ ಕಾಯಿಲಿಗೆ ಒಂದು ಕ್ಷಣ ಕರೆಂಟ್ ಮುಟ್ಟಿಸಿದೆ. ಕಬ್ಬಿಣದಲ್ಲಿ ಸ್ವಲ್ಪ ಅಯಸ್ಕಾಂತ ಗುಣ ಉಳಿದಿದ್ದರೆ ತಾನೇ ಡೈನಮೋ ಕರೆಂಟ್ ಹುಟ್ಟಿಸುವುದು.

ಈಗ ಬ್ಯಾಟರಿ ಸೀಲ್ಡ್, 6 ವೋಲ್ಟ್ 12 ಆಂಪಿಯರ್-ಅವರ್. ದೀಪ ಉರಿಯುತ್ತಿರುವಾಗಲೂ ಮೀಟರ್ 7 ವೋಲ್ಟ್ ದಾಟುತ್ತದೆ. ಮೂರನೇ ಗೇರಿನಲ್ಲಿ ನಿಧಾನಕ್ಕೆ ಹೋದರೂ ಕೆಂಪು ದೀಪ ಆರಿರುತ್ತದೆ. ಆಗುಂಬೆಯ 14 ತಿರುವು ಇಳಿದು ಸೋಮೇಶ್ವರ ಸೇರುವ ಹೊತ್ತಿಗೂ ಹಾರ್ನ್ ಗಟ್ಟಿಯಾಗಿ ಕೂಗುತ್ತದೆ. ಮಳೆಗಾಲ ಮುಗಿದ ಕೂಡಲೇ ಕನೆಕ್ಟರುಗಳನ್ನೆಲ್ಲ ಬಿಚ್ಚಿ, ಒರೆಸಿ, ತೆಳ್ಳಗೆ ವ್ಯಾಸಲೀನ್ ಹಚ್ಚಿ ಮತ್ತೆ ಹಾಕುತ್ತೇನೆ. ಗಾಡಿ ತುಂಬಾ ದಿನ ನಿಂತಿದ್ದರೆ ಬ್ಯಾಟರಿಯನ್ನು ಹೊರಗೆ ತೆಗೆದು 6 ವೋಲ್ಟಿನ ಚಾರ್ಜರಿಗೇ ಹಾಕಬೇಕು. ಮನೆಯಲ್ಲಿರುವ ಕಾರಿನ ಚಾರ್ಜರ್ ಇದಕ್ಕೆ ಆಗುವುದಿಲ್ಲ.