ಆಯಿಲ್ ಲೆವೆಲ್ ಏರುತ್ತಿದೆಯೇ? ಡೀಸೆಲ್ ಎಲ್ಲಿಂದ ಇಳಿಯುತ್ತಿದೆ, ಹೀಗೆ ಹುಡುಕಿ

ಹಳೇ ಲಾರಿ ಸ್ವಲ್ಪ ಆಯಿಲ್ ಕುಡಿಯುತ್ತದೆ. ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಆದರೆ ಡಿಪ್ ಸ್ಟಿಕ್ ಎಳೆದಾಗ ಆಯಿಲ್ ಮೇಲಿನ ಗೆರೆ ದಾಟಿ ನಿಂತಿದ್ದರೆ ಖುಷಿಪಡಬೇಡಿ. ಯಾರೂ ಸುರಿಯದೆ ಆಯಿಲ್ ಜಾಸ್ತಿ ಆಗುವುದಿಲ್ಲ ಅಲ್ವಾ? ಒಂದೋ ನೀರು ಸೇರಿದೆ, ಇಲ್ಲವೇ ಡೀಸೆಲ್. ನೀರಾದರೆ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ರೇಡಿಯೇಟರ್ ಖಾಲಿಯಾಗುತ್ತಾ ಬರುತ್ತದೆ. ಬಣ್ಣ ಕಪ್ಪಗೇ ಇದ್ದು ತೆಳ್ಳಗಾಗಿದ್ದರೆ ಡೀಸೆಲ್ ಮೇಲೆಯೇ ಅನುಮಾನ.

ಇಲ್ಲಿ ಹೇಳುತ್ತಿರುವುದು ಮಂಡ್ಯ, ಮೈಸೂರು ಕಡೆ ಕಬ್ಬು, ಭತ್ತ, ಇಟ್ಟಿಗೆ ಹೊಡೆಯುವ ಹಳೇ ಗಾಡಿಗಳ ಮಾತು. ಮೆಕ್ಯಾನಿಕಲ್ ಡೀಸೆಲ್ ಪಂಪು, ಸೆನ್ಸರ್ ಇಲ್ಲ. ಕಣ್ಣು, ಮೂಗು, ಬೆರಳೇ ಇದಕ್ಕೆ ಸ್ಕ್ಯಾನರ್.

ಅನುಮಾನ ಬಂದ ಕೂಡಲೇ ಗಾಡಿ ನಿಲ್ಲಿಸಿ. 'ಈ ಒಂದು ಲೋಡು ಇಳಿಸಿ ಬರೋಣ' ಅನ್ನುವುದು ಬೇಡ. ಡೀಸೆಲ್ ಬೆರೆತ ಆಯಿಲ್‌ಗೆ ಕ್ರ್ಯಾಂಕ್ ಬೇರಿಂಗನ್ನು ಕಾಯುವ ಬಲ ಇರುವುದಿಲ್ಲ. ಲೆವೆಲ್ ತುಂಬಾ ಏರಿದರೆ ಇನ್ನೊಂದು ಅಪಾಯವೂ ಇದೆ. ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ದಾರಿಯಲ್ಲಿ ಆಯಿಲ್ ಏರ್ ಪೈಪಿಗೆ ಸೇರಿ, ಎಂಜಿನ್ ಅದನ್ನೇ ಉರಿಸಿಕೊಂಡು ರೇಸ್ ಆಗಬಹುದು. ಆಗ ಸ್ಟಾಪ್ ಕೇಬಲ್ ಎಳೆದರೂ ನಿಲ್ಲದು.

ಮೊದಲು ಖಚಿತ ಮಾಡಿಕೊಳ್ಳಿ

ಗಾಡಿಯನ್ನು ಸಮತಟ್ಟು ಜಾಗದಲ್ಲಿ ರಾತ್ರಿಯಿಡೀ ನಿಲ್ಲಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಡಿಪ್ ಸ್ಟಿಕ್ ಒರೆಸಿ, ಮತ್ತೆ ಇಳಿಸಿ ನೋಡಿ. ಕ್ಲೀನರ್ ಹುಡುಗ ಆಯಿಲ್ ಸುರಿದಿದ್ದಾನಾ ಅಂತಲೂ ಕೇಳಿ. ಎಷ್ಟೋ ಸಲ ಕಥೆ ಅಲ್ಲಿಗೇ ಮುಗಿಯುತ್ತದೆ.

ವಾಸನೆಯನ್ನೇ ನಂಬಬೇಡಿ. ಡೀಸೆಲ್ ಎಂಜಿನ್ನಿನ ಹಳೇ ಆಯಿಲ್ ಯಾವಾಗಲೂ ಸ್ವಲ್ಪ ಹಾಗೇ ವಾಸನೆ ಬರುತ್ತದೆ. ಅದಕ್ಕಿಂತ ಕಾಗದದ ಪರೀಕ್ಷೆ ಮೇಲು. ಬಿಳಿ ಟಿಶ್ಯೂ ಅಥವಾ ಬ್ಲಾಟಿಂಗ್ ಪೇಪರನ್ನು ಲೋಟದ ಬಾಯಿಯ ಮೇಲೆ ಹರಡಿ. ಡಿಪ್ ಸ್ಟಿಕ್ ತುದಿಯಿಂದ ಒಂದು ಹನಿ ಬಿಡಿ, ಒಂದೆರಡು ಗಂಟೆ ಮುಟ್ಟಬೇಡಿ. ಮಸಿಯೆಲ್ಲ ನಡುವೆ ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ. ಡೀಸೆಲ್ ಇದ್ದರೆ ಅದರ ಸುತ್ತ ಅಗಲವಾದ, ತಿಳಿ ಬಣ್ಣದ ಎಣ್ಣೆ ಉಂಗುರ ಹರಡುತ್ತದೆ. ಪಕ್ಕದಲ್ಲೇ ಹೋಲಿಕೆಗೆ ಇನ್ನೊಂದು ಹನಿ ಇರಲಿ. ಅದು ಹೊಸ ಡಬ್ಬಿಯದಾಗಬಾರದು, ಏಕೆಂದರೆ ಹೊಸ ಆಯಿಲ್ ಪೂರ್ತಿ ತಿಳಿಯಾಗಿಯೇ ಹರಡುತ್ತದೆ. ಹೆಚ್ಚುಕಡಿಮೆ ಅಷ್ಟೇ ಕಿಲೋಮೀಟರ್ ಓಡಿದ, ಚೆನ್ನಾಗಿರುವ ಬೇರೆ ಲಾರಿಯ ಆಯಿಲ್ ತನ್ನಿ. ಬೆಂಕಿ ಕಡ್ಡಿ ಗೀರಿ ನೋಡುವ ಅಭ್ಯಾಸ ಮಾತ್ರ ಬೇಡವೇ ಬೇಡ.

ಇನ್ನು ಆಯಿಲ್ ಪ್ರೆಷರ್ ಗೇಜ್. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಮುಳ್ಳು ಮೊದಲಿಗಿಂತ ಕೆಳಗೆ ನಿಲ್ಲುತ್ತಿದ್ದರೆ ಅದೂ ಒಂದು ಸಾಕ್ಷಿ.

ಹೊಗೆ ನೋಡಿ ದಾರಿ ಹಿಡಿಯಿರಿ

ಬಹಳ ಜನ ಇಲ್ಲೇ ದುಡ್ಡು ಕಳೆದುಕೊಳ್ಳುತ್ತಾರೆ. ಆಯಿಲ್‌ನಲ್ಲಿ ಡೀಸೆಲ್ ಅಂದ ಕೂಡಲೇ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಎಲ್ಲ ಬಿಚ್ಚಿಸುತ್ತಾರೆ. ಸ್ವಲ್ಪ ಯೋಚನೆ ಮಾಡಿ. ನಾಜಲ್ ಸೋರಿದರೆ ಡೀಸೆಲ್ ಮೊದಲು ಸಿಲಿಂಡರಿಗೆ ಬೀಳಬೇಕು, ಆಮೇಲೆ ಪಿಸ್ಟನ್ ರಿಂಗ್ ದಾಟಿ ಕೆಳಗಿಳಿಯಬೇಕು. ಅಷ್ಟರಲ್ಲಿ ಬಿಳಿ ಅಥವಾ ಕಪ್ಪು ಹೊಗೆ, ಬಡಿತ, ಬೆಳಗಿನ ಸ್ಟಾರ್ಟಿಂಗ್ ತೊಂದರೆ, ಏನಾದರೂ ಒಂದು ಕಂಡೇ ಕಾಣುತ್ತದೆ. ಹೊಗೆ ಚೊಕ್ಕವಾಗಿದ್ದು, ಪಿಕಪ್ ಸರಿಯಿದ್ದು, ಆಯಿಲ್ ಮಾತ್ರ ಬೇಗ ಬೇಗ ಏರುತ್ತಿದ್ದರೆ ಮೊದಲು ಫೀಡ್ ಪಂಪ್ (ಟ್ಯಾಂಕಿನಿಂದ ಡೀಸೆಲ್ ಎಳೆದು ದೊಡ್ಡ ಪಂಪಿಗೆ ಕೊಡುವ ಸಣ್ಣ ಪಂಪ್) ನೋಡಿ. ಅಗ್ಗದ ಸಾಮಾನು, ಬಿಚ್ಚುವುದೂ ಸುಲಭ.

ಎಲಿಮೆಂಟುಗಳು (ಒಂದೊಂದು ಸಿಲಿಂಡರಿಗೆ ಪ್ರೆಷರ್‌ನಲ್ಲಿ ಡೀಸೆಲ್ ತಳ್ಳುವ ಭಾಗಗಳು) ಸಾಲಾಗಿರುವ ಮಿಕೋ ಡೀಸೆಲ್ ಪಂಪಿನ ಪಕ್ಕೆಯಲ್ಲಿ ಫೀಡ್ ಪಂಪ್ ಕೂತಿರುತ್ತದೆ. ಅದನ್ನು ತಳ್ಳುವ ಸಣ್ಣ ರಾಡು ಸವೆದರೆ ಡೀಸೆಲ್ ಪಂಪಿನ ಕ್ಯಾಮ್ ಇರುವ ಕಡೆಗೆ ಜಿನುಗುತ್ತದೆ. ಪಂಪಿಗೆ ಎಂಜಿನ್ ಆಯಿಲೇ ಹೋಗುವ ಗಾಡಿಯಲ್ಲಿ ಅದು ನೇರ ಚೇಂಬರಿಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ ಬರುತ್ತದೆ. ಪಂಪಿಗೆ ಬೇರೆ ಆಯಿಲ್ ಇರುವ ಗಾಡಿಯಾದರೆ ಪಂಪಿನ ಲೆವೆಲ್ ಏರುತ್ತದೆ, ಚೇಂಬರ್ ಲೆವೆಲ್ ಅಲ್ಲ. ಕೆಲವು ಎಂಜಿನ್‌ಗಳಲ್ಲಿ ಫೀಡ್ ಪಂಪ್ ಬ್ಲಾಕಿಗೇ ಬೋಲ್ಟ್ ಆಗಿರುತ್ತದೆ. ಅದರ ಒಳಗಿನ ತೆಳು ಪರದೆ, ಅಂದರೆ ಡಯಾಫ್ರಂ ಹರಿದರೂ ಡೀಸೆಲ್ ಒಳಗೇ ಇಳಿಯುತ್ತದೆ.

ಪರೀಕ್ಷೆ ಹೀಗೆ: ಎಂಜಿನ್ ಆಫ್ ಇರಲಿ. ಪೈಪುಗಳನ್ನು ತೆಗೆಯದೆ ಫೀಡ್ ಪಂಪನ್ನು ಮಾತ್ರ ಬಿಚ್ಚಿ ಹೊರಗೆ ಎಳೆದುಕೊಳ್ಳಿ. ಪೈಪು ಬಗ್ಗದಿದ್ದರೆ ಬಲವಂತ ಮಾಡಬೇಡಿ, ಪೂರ್ತಿ ಬಿಚ್ಚಿ ಪಂಪ್ ಅಂಗಡಿಗೆ ಕೊಡಿ. ರಾಡಿನ ಸುತ್ತ ಬಟ್ಟೆಯಿಂದ ಒರೆಸಿ ಒಣಗಿಸಿ. ಏರ್ ಬಿಡಿಸುವಾಗ ಒತ್ತುತ್ತೀರಲ್ಲ, ಆ ಹ್ಯಾಂಡ್ ಪ್ರೈಮರನ್ನು ಬಿಗಿಯಾಗುವವರೆಗೆ ಒತ್ತಿ. ರಾಡಿನ ಬುಡದಲ್ಲಿ ಡೀಸೆಲ್ ತೊಟ್ಟಿಕ್ಕಿದರೆ ಕಳ್ಳ ಸಿಕ್ಕಿದ ಹಾಗೆಯೇ.

ಅಲ್ಲಿ ಒಣಗಿದ್ದರೆ ಫೀಡ್ ಪಂಪ್ ವಾಪಸ್ ಕೂರಿಸಿ, ಮಿಕೋ ಪಂಪಿನ ಸೈಡ್ ಕವರ್ ಬಿಚ್ಚುವಂತಿದ್ದರೆ ಬಿಚ್ಚಿ. ಸ್ಪ್ರಿಂಗುಗಳ ಸಾಲು ಕಾಣುತ್ತದೆ. ಮತ್ತೆ ಪ್ರೈಮರ್ ಒತ್ತಿ, ಯಾವ ಎಲಿಮೆಂಟ್ ಕೆಳಗೆ ಡೀಸೆಲ್ ಇಳಿಯುತ್ತದೆ ಅಂತ ಟಾರ್ಚ್ ಬಿಟ್ಟು ನೋಡಿ. ಇಲ್ಲಿ ನೋಡಿದರೆ ಸಾಕು, ಕೈ ಹಾಕಬೇಡಿ. ಎಲಿಮೆಂಟ್ ಬದಲಿಸಿದರೆ ಪಂಪನ್ನು ಟೆಸ್ಟ್ ಬೆಂಚಿನ ಮೇಲಿಟ್ಟು ಹೊಂದಿಸಲೇಬೇಕು. ಎಲಿಮೆಂಟ್ ಸಾಲಿನ ಬದಲು ತಿರುಗುವ ರೋಟರ್ ಇರುವ ರೋಟರಿ ಪಂಪಿನ ಗಾಡಿಯಲ್ಲಿ ಸಾಮಾನ್ಯವಾಗಿ ಹೋಗುವುದು ಶಾಫ್ಟಿನ ಆಯಿಲ್ ಸೀಲ್. ಅದಕ್ಕೆ ಪಂಪ್ ಇಳಿಸದೆ ದಾರಿಯಿಲ್ಲ.

ಹೊಗೆ, ಬಡಿತ, ಸ್ಟಾರ್ಟಿಂಗ್ ತೊಂದರೆ ಇದ್ದರೆ ಮಾತ್ರ ನಾಜಲ್ ಕಡೆ ಹೋಗಿ. ಐಡಲ್‌ನಲ್ಲಿ ಒಂದೊಂದೇ ನಾಜಲ್ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಮತ್ತೆ ಬಿಗಿಮಾಡಿ. ಒಳ್ಳೆಯ ಸಿಲಿಂಡರಾದರೆ ಎಂಜಿನ್ ಸದ್ದು ಕುಗ್ಗುತ್ತದೆ. ಸದ್ದು ಬದಲಾಗದಿದ್ದರೆ, ಅಥವಾ ಹೊಗೆ ನಿಂತರೆ, ಆ ನಾಜಲ್ ಮೇಲೆ ಕಣ್ಣಿಡಿ. ಕನ್ನಡಕ ಹಾಕಿಕೊಳ್ಳಿ, ನಟ್ಟಿನ ಮೇಲೆ ದಪ್ಪ ಬಟ್ಟೆ ಇರಲಿ, ಬೆರಳು ದೂರ ಇರಲಿ. ಪ್ರೆಷರ್‌ನಲ್ಲಿ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಬಿಚ್ಚಿದ ನಾಜಲನ್ನು ಅಂಗಡಿಯವರ ಟೆಸ್ಟರಿಗೆ ಹಾಕಿಸಿ, ನೀವೂ ಪಕ್ಕದಲ್ಲಿ ನಿಂತು ನೋಡಿ. ಸ್ಪ್ರೇ ಬಿಡುವ ಪ್ರೆಷರಿಗಿಂತ ಸ್ವಲ್ಪ ಕೆಳಗೆ ಸುಮಾರು 10 ಸೆಕೆಂಡು ಹಿಡಿದರೂ ತುದಿಯಲ್ಲಿ ಹನಿ ಬೀಳಬಾರದು.

ಯಾವುದೂ ಕೆಡದೆಯೂ ಒಂದಿಷ್ಟು ಡೀಸೆಲ್ ಸೇರಬಹುದು. ಕಬ್ಬಿನ ಹಂಗಾಮಿನಲ್ಲಿ ಪಾಂಡವಪುರ, ಕೆ.ಎಂ. ದೊಡ್ಡಿ ಕಾರ್ಖಾನೆಗಳ ಮುಂದೆ ಸಾಲಿನಲ್ಲಿ ನಿಂತ ಲಾರಿಯನ್ನು ಸುಮ್ನೆ ಗಂಟೆಗಟ್ಟಲೆ ಆನ್ ಇಟ್ಟರೆ ಎಂಜಿನ್ ತಣ್ಣಗಾಗಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಆದರೆ ಅದರಿಂದ ಲೆವೆಲ್ ಧಡಕ್ಕನೆ ಏರುವುದಿಲ್ಲ. ಸಾಲು ನಿಂತಾಗ ಆಫ್ ಮಾಡಿ.

ಸರಿ ಮಾಡಿದ ಮೇಲೆ

ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ. ಹಳೇದನ್ನು ಸೋಸಿ ಮತ್ತೆ ಹಾಕುವ ಉಳಿತಾಯ ಬೇಡ. ಅದನ್ನು ನಾಲೆಗೂ ಸುರಿಯಬೇಡಿ, ಹಳೇ ಆಯಿಲ್ ಕೊಳ್ಳುವವರಿಗೆ ಕೊಡಿ. ಹೊಸ ಆಯಿಲ್ ಲೆವೆಲ್ ಇರುವ ಜಾಗಕ್ಕೆ ಡಿಪ್ ಸ್ಟಿಕ್ ಮೇಲೆ ಸಣ್ಣ ಗುರುತು ಹಾಕಿ, ಒಂದು ವಾರ ದಿನಾ ಬೆಳಿಗ್ಗೆ ನೋಡಿ. ಲೆವೆಲ್ ನಿಂತು, ಗೇಜ್ ಮುಳ್ಳೂ ಮೊದಲಿನ ಜಾಗಕ್ಕೆ ಬಂದರೆ ಗಾಡಿ ಓಡಿಸಿ. ಲೆವೆಲ್ ನಿಂತರೂ ಬಿಸಿಯಲ್ಲಿ ಪ್ರೆಷರ್ ಏಳದಿದ್ದರೆ ಬೇರಿಂಗ್ ಆಗಲೇ ಪೆಟ್ಟು ತಿಂದಿರಬಹುದು. ಚೇಂಬರ್ ಇಳಿಸಿ ನೋಡಿಸಿದ ಮೇಲೆಯೇ ಲೋಡು ಹಾಕಿ.