ಹರಾಜಿನಲ್ಲಿ ಹಳೆಯ ಲೇತ್ ಕೊಳ್ಳುವುದು: ನನ್ನ ಅನುಭವ

ಪೀಣ್ಯದಲ್ಲಿ ನನ್ನದೊಂದು ಚಿಕ್ಕ ಜಾಬ್ ವರ್ಕ್ ಶಾಪ್ ಇದೆ. ಬುಷ್, ಪಿನ್, ಶಾಫ್ಟ್ ಇಂಥ ಬಿಡಿಭಾಗಗಳನ್ನು ಟರ್ನಿಂಗ್ ಮಾಡಿ, ಅಂದರೆ ಲೋಹವನ್ನು ಲೇತಿನಲ್ಲಿ ತಿರುಗಿಸುತ್ತಾ ಉಳಿಯಲ್ಲಿ ಹೆರೆದು, ಕೊಡುತ್ತೇವೆ. ಒಳಗಿರುವ ಲೇತ್‌ಗಳು, ಡ್ರಿಲ್ಲಿಂಗ್ ಮಷೀನು, ಕಂಪ್ರೆಸರ್ ಎಲ್ಲಾ ಹರಾಜಿನಲ್ಲೇ ತಂದವು. ಹೊಸದಕ್ಕೆ ಹಾಕುವಷ್ಟು ದುಡ್ಡು ಇರಲಿಲ್ಲ, ನಿಜ. ಆದರೆ ಹಳೆಯ ಎಚ್‌ಎಂಟಿ ಲೇತ್, ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಅಂದರೆ ನನಗೆ ಮೊದಲಿಂದಲೂ ಒಂದು ಗೌರವ. ಆ ಕಾಲದ ಎರಕದ ತೂಕವೇ ಬೇರೆ. ಸರಿಯಾಗಿ ನೋಡಿಕೊಂಡರೆ ಇನ್ನೊಂದು ತಲೆಮಾರು ದುಡಿಯುತ್ತವೆ.

ಇಂಥ ಮಷೀನುಗಳು ಹರಾಜಿಗೆ ಬರುವುದು ಮುಖ್ಯವಾಗಿ ಎರಡು ಕಡೆಯಿಂದ. ಸಾಲ ಕಟ್ಟಲಾಗದ ಕಾರ್ಖಾನೆಯನ್ನು ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ವಶಕ್ಕೆ ತೆಗೆದುಕೊಂಡು ಮಾರುವುದು ಒಂದು. ಸರ್ಕಾರಿ ಕಾರ್ಖಾನೆ, ಇಲಾಖೆಗಳು ಬೇಡವಾದ ಸಾಮಾನನ್ನು ಎಂಎಸ್‌ಟಿಸಿ ಅನ್ನುವ ಕೇಂದ್ರ ಸರ್ಕಾರಿ ಕಂಪನಿಯ ಆನ್‌ಲೈನ್ ಹರಾಜಿಗೆ ಹಾಕುವುದು ಇನ್ನೊಂದು. ಬ್ಯಾಂಕು ಬಹಿರಂಗ ಹರಾಜು ಹಾಕಿದರೆ ಎರಡು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು, ಅದರಲ್ಲೊಂದು ಸ್ಥಳೀಯ ಭಾಷೆಯದು. ಹಾಗಾಗಿ ಕನ್ನಡ ಪೇಪರಿನ ಒಳಪುಟದ ಸಣ್ಣ ಅಕ್ಷರದ ಜಾಹೀರಾತುಗಳನ್ನು ನಾನು ಬಿಡದೆ ಓದುತ್ತೇನೆ. 'ಪ್ಲಾಂಟ್ ಮತ್ತು ಮೆಷಿನರಿ' ಅನ್ನುವ ಸಾಲು ಕಂಡರೆ ಕೂಡಲೇ ಫೋನ್ ಮಾಡಿ, ನೋಡಲು ಯಾವತ್ತು ಬಿಡುತ್ತಾರೆ ಅಂತ ಕೇಳುತ್ತೇನೆ.

ಆ ದಿನವೇ ಎಲ್ಲಾ ತೀರ್ಮಾನ ಆಗುವುದು. ಹರಾಜಿನ ಷರತ್ತಿನಲ್ಲೇ ಬರೆದಿರುತ್ತಾರೆ: ಇದ್ದಲ್ಲಿ, ಇದ್ದ ಹಾಗೆ. ಗ್ಯಾರಂಟಿ ಇಲ್ಲ, ವಾಪಸ್ ಇಲ್ಲ. ಎಷ್ಟೋ ಕಡೆ ಬಿಲ್ ಕಟ್ಟದೆ ಕರೆಂಟ್ ಕಿತ್ತಿರುತ್ತಾರೆ, ಮಷೀನು ಓಡಿಸಿ ನೋಡುವ ಹಾಗೇ ಇರಲ್ಲ. ಅದಕ್ಕೆ ಕೈಯಲ್ಲೇ ಮಾಡುವ ಕೆಲವು ಪರೀಕ್ಷೆಗಳಿವೆ. ನಮ್ಮ ಶಾಪಿನ ಹಿರಿಯ ಟರ್ನರ್‌ರನ್ನು ಕರೆದುಕೊಂಡು ಹೋಗುತ್ತೇನೆ. ಜೊತೆಗೆ ಟಾರ್ಚ್, ಸಣ್ಣ ಅಲ್ಲಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್, ಹಳೇ ಬಟ್ಟೆ, ಸ್ವಲ್ಪ ಸೀಮೆಎಣ್ಣೆ.

ಮೊದಲು ಬೆಡ್, ಅಂದರೆ ಲೇತಿನ ಉದ್ದನೆಯ ತಳಭಾಗವನ್ನು ಒರೆಸುತ್ತೇವೆ. ಲೇತ್ ಸವೆಯುವುದು ಕೆಲಸದ ತುಂಡನ್ನು ಹಿಡಿದು ತಿರುಗಿಸುವ ಚಕ್ ಹತ್ತಿರ, ಯಾಕಂದರೆ ಚಿಕ್ಕ ಕೆಲಸವೆಲ್ಲಾ ನಡೆಯುವುದು ಅಲ್ಲೇ. ಉಳಿ ಹೊತ್ತು ಬೆಡ್ ಮೇಲೆ ಸರಿಯುವ ಕ್ಯಾರೇಜ್ ಓಡಾಡದ ಜಾಗದಿಂದ ಓಡಾಡುವ ಜಾಗಕ್ಕೆ ಉಗುರು ಎಳೆದರೆ ಮೆಟ್ಟಿಲು ಸಿಕ್ಕಿತು ಅಂದುಕೊಳ್ಳಿ, ಬೆಡ್ ಚೆನ್ನಾಗಿಯೇ ಸವೆದಿದೆ. ಇನ್ನೊಂದು ನನಗೆ ಬಹಳ ಇಷ್ಟವಾದ ಪರೀಕ್ಷೆ. ಕ್ಯಾರೇಜನ್ನು ಚಕ್ ಹತ್ತಿರ ತಂದು, ಅದರ ಲಾಕ್ ಬೋಲ್ಟನ್ನು ಸ್ವಲ್ಪ ಬಿಗಿ ಹಿಡಿದು ಚಲಿಸುವ ಹಾಗೆ ತಿರುಗಿಸಬೇಕು. ಆಮೇಲೆ ಹ್ಯಾಂಡ್‌ವೀಲ್ ತಿರುಗಿಸುತ್ತಾ ಚಕ್ಕಿನ ಎದುರು ತುದಿಯ ಟೇಲ್‌ಸ್ಟಾಕ್ ಕಡೆಗೆ ಹೋಗಬೇಕು. ಉದ್ದಕ್ಕೂ ಒಂದೇ ಬಿಗಿ ಇದ್ದರೆ ಬೆಡ್ ಬದುಕಿದೆ. ಮಧ್ಯದಲ್ಲೇ ಕಚ್ಚಿಕೊಂಡು ನಿಂತರೆ ಚಕ್ ಕಡೆ ತಿಂದುಹೋಗಿದೆ ಅಂತ ಅರ್ಥ. ಅದನ್ನು ಗ್ರೈಂಡಿಂಗಿಗೆ ಕಳಿಸುವ ಖರ್ಚನ್ನು ಆಗಲೇ ಮನಸ್ಸಿನಲ್ಲಿ ಕಳೆದುಬಿಡುತ್ತೇನೆ.

ಚಕ್ಕನ್ನು ತಿರುಗಿಸುವ ಸ್ಪಿಂಡಲ್ಲಿಗೆ ಡಯಲ್ ಇಟ್ಟು, ಕೆಳಗೆ ಮರದ ತುಂಡು ಕೊಟ್ಟು ಮೇಲಕ್ಕೆ ಮೀಟಿ ನೋಡುತ್ತೇವೆ. ಮುಳ್ಳು ಜಾಸ್ತಿ ಅಲ್ಲಾಡಿದರೆ ಬೇರಿಂಗ್ ಕೆಲಸ ಇದೆ. ಎಲ್ಲಾ ಗೇರೂ ಹಾಕಿ ಚಕ್ ಕೈಯಲ್ಲಿ ತಿರುಗಿಸಿದರೆ ಹಲ್ಲು ಮುರಿದಿರುವುದು ಗೊತ್ತಾಗುತ್ತದೆ. ಆಮೇಲೆ ಜೊತೆ ಸಾಮಾನು: ನಾಲ್ಕು ದವಡೆಯ (ಜಾ) ಚಕ್, ಉದ್ದದ ಕೆಲಸಕ್ಕೆ ಆಸರೆ ಕೊಡುವ ಸ್ಟೆಡಿ, ಚೇಂಜ್ ಗೇರುಗಳು, ಗ್ಯಾಪ್ ಬೆಡ್ ಆದರೆ ಆ ಸಂದಿಯಲ್ಲಿ ಕೂರುವ ಗ್ಯಾಪ್ ಪೀಸ್. ಇವು ಲಾಟಿನ, ಅಂದರೆ ಒಟ್ಟಿಗೆ ಹರಾಜಿಗಿಟ್ಟ ಸಾಮಾನಿನ, ಪಟ್ಟಿಯಲ್ಲಿ ಇವೆಯಾ ಅಂತ ಓದಲೇಬೇಕು. ಕಣ್ಣೆದುರು ಬಿದ್ದಿದ್ದರೂ ಪಟ್ಟಿಯಲ್ಲಿ ಇಲ್ಲದಿದ್ದರೆ ನಮ್ಮದಲ್ಲ.

ಒಮ್ಮೆ ನೋಡಲು ಹೋಗಿದ್ದ ಕಾರ್ಖಾನೆಯಲ್ಲೇ ದುಡಿದಿದ್ದ ಆಪರೇಟರ್ ಒಬ್ಬರು ಗೇಟಿನ ಹತ್ತಿರವೇ ಕೂತಿದ್ದರು. "ಸಾರ್, ಕಿಟಕಿ ಪಕ್ಕದ್ದು ಬೇಡ, ಮೂಲೇದು ತಗೊಳ್ಳಿ. ಅದನ್ನ ನಾನೇ ಓಡಿಸ್ತಿದ್ದೆ," ಅಂದರು. ಮೂಲೆಯದರ ಬೆಡ್ ಮೇಲೆ ಗ್ರೀಸ್ ಬಳಿದು ಪೇಪರ್ ಹೊದಿಸಿದ್ದರು. ಸಂಬಳ ನಿಂತ ಮೇಲೂ ಮಷೀನಿಗೆ ತುಕ್ಕು ಹಿಡಿಯಬಾರದು ಅಂತ ಮಾಡಿದ ಕೆಲಸ ಅದು. ಆ ಲೇತನ್ನೇ ತಂದೆ. ಒಬ್ಬರ ಕಷ್ಟದ ಹೊತ್ತಿನಲ್ಲಿ ಅವರ ಸಾಮಾನು ಕೊಳ್ಳುತ್ತಿದ್ದೇವೆ ಅನ್ನುವುದನ್ನು ನಾನು ಮರೆಯುವುದಿಲ್ಲ. ಅಲ್ಲಿ ನಿಂತು ಅವರ ಮಷೀನನ್ನು ಹೀಯಾಳಿಸಿ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನು ದುಡ್ಡಿನ ಲೆಕ್ಕ. ರಿಸರ್ವ್ ಬೆಲೆಯ, ಅಂದರೆ ಹರಾಜಿನ ಕನಿಷ್ಠ ಬೆಲೆಯ, ಸುಮಾರು ಶೇ 10ರಷ್ಟು ಠೇವಣಿ ಕಟ್ಟಿದರೇನೇ ಸಾಮಾನ್ಯವಾಗಿ ಕೂಗಲು ಬಿಡುವುದು. ಸಿಗದಿದ್ದರೆ ಅದು ವಾಪಸ್ ಬರುತ್ತದೆ. ಗೆದ್ದು ಬಾಕಿ ಕಟ್ಟದಿದ್ದರೆ ಹೋಯಿತು. 2 ಲಕ್ಷಕ್ಕೆ ಕೂಗಿದರೆ ಮೇಲೆ ಶೇ 18 ಜಿಎಸ್‌ಟಿ, ಅಂದರೆ 36,000. ನಾನು ರೆಗ್ಯುಲರ್ ನೋಂದಣಿಯಲ್ಲಿ ಇರುವುದರಿಂದ ಇದನ್ನು ಕ್ರೆಡಿಟ್ ತೆಗೆದುಕೊಂಡು, ನಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಹೊಂದಿಸುತ್ತೇನೆ. ಕಂಪೋಸಿಷನ್ ಅನ್ನುವ ಚಿಕ್ಕ ವ್ಯಾಪಾರಿಗಳ ಸರಳ ತೆರಿಗೆ ಯೋಜನೆಯಲ್ಲಿ ಇರುವವರಿಗೆ ಅದು ಸಿಗಲ್ಲ, ಅವರು ಬೆಲೆಗೇ ಸೇರಿಸಿಕೊಳ್ಳಬೇಕು. ಕ್ರೇನ್, ಲಾರಿ, ಲೋಡಿಂಗ್ ಕೂಲಿ, ರಿಪೇರಿ, ಹೊಸ ವೈರಿಂಗ್ ಇವನ್ನೆಲ್ಲಾ ಬರೆದು, ನಾನು ಒಟ್ಟು ಹಾಕಬಲ್ಲ ದುಡ್ಡಿನಲ್ಲಿ ಕಳೆದು, ಉಳಿದದ್ದೇ ನನ್ನ ಕೊನೆಯ ಬೆಲೆ ಅಂತ ಹಾಳೆಯಲ್ಲಿ ಗೀಟು ಹಾಕುತ್ತೇನೆ.

ಎದುರಿಗೆ ಕೂಗುವವರು ಬಹಳ ಸಲ ಗುಜರಿ ವ್ಯಾಪಾರಿಗಳು. ಅವರ ಲೆಕ್ಕ ಕಿಲೋ ಮೇಲೆ. ಮಷೀನಿನ ತೂಕ, ಆವತ್ತಿನ ಬೀಡು ಕಬ್ಬಿಣದ ರೇಟು ಗೊತ್ತಿದ್ದರೆ ಅವರು ಎಲ್ಲಿಗೆ ನಿಲ್ಲುತ್ತಾರೆ ಅಂತ ಅಂದಾಜು ಸಿಗುತ್ತದೆ. ಅದರ ಮೇಲೆ ಸ್ವಲ್ಪ ಹೋದರೂ ಓಡುವ ಲೇತ್ ನಮಗೆ ಲಾಭವೇ. ಒಳ್ಳೆಯ ಬೆಡ್ಡನ್ನು ಸುತ್ತಿಗೆಯಲ್ಲಿ ಒಡೆಯುವುದನ್ನು ನೋಡಲಾಗಲ್ಲ ಅನ್ನುವುದೂ ನನ್ನ ಮಟ್ಟಿಗೆ ಒಂದು ಕಾರಣ. ಆನ್‌ಲೈನ್ ಹರಾಜಿನಲ್ಲಿ ಕೊನೆಯ ನಿಮಿಷಗಳಲ್ಲಿ ಯಾರಾದರೂ ಕೂಗಿದರೆ ಸಮಯ ತಾನಾಗಿ ಮುಂದೆ ಹೋಗುತ್ತದೆ, ಕೊನೇ ಕ್ಷಣಕ್ಕೆ ಕಾಯುವ ಜಾಣತನ ನಡೆಯಲ್ಲ. ಗೀಟು ದಾಟಿದರೆ ಲ್ಯಾಪ್‌ಟಾಪ್ ಮುಚ್ಚಿ ಕೆಲಸಕ್ಕೆ ಹೋಗುತ್ತೇನೆ.

ಸಾಗಿಸಲು ಕೊಟ್ಟ ಗಡುವು ತಪ್ಪಿದರೆ ದಿನದ ಬಾಡಿಗೆ ಬೀಳುತ್ತದೆ. 50,000 ರೂಪಾಯಿ ಮೀರಿದ ಮಾಲಿಗೆ ಇ-ವೇ ಬಿಲ್ ಅನ್ನುವ ಆನ್‌ಲೈನ್ ಸಾಗಣೆ ಪತ್ರ ಬೇಕು. ಲೇತ್ ತಲೆಭಾರದ ಮಷೀನು, ಚಕ್, ಗೇರು ಇರುವ ಹೆಡ್‌ಸ್ಟಾಕ್ ಕಡೆ ತೂಕ ಜಾಸ್ತಿ. ಎತ್ತುವ ಮೊದಲು ಕ್ಯಾರೇಜನ್ನೂ ಟೇಲ್‌ಸ್ಟಾಕನ್ನೂ ಇನ್ನೊಂದು ತುದಿಗೆ ಸರಿಸಿ ಲಾಕ್ ಮಾಡಿದರೆ ತೂಕ ಸಮನಾಗುತ್ತದೆ. ಎತ್ತುವ ಬೆಲ್ಟ್ ಪಟ್ಟಿಯನ್ನು ಬೆಡ್ಡಿಗೆ ಹಾಕಬೇಕೇ ಹೊರತು, ಥ್ರೆಡ್ ಕೊರೆಯುವಾಗ ಕ್ಯಾರೇಜನ್ನು ನಡೆಸುವ ಲೀಡ್ ಸ್ಕ್ರೂಗೆ ತಾಗಬಾರದು, ಬಗ್ಗಿದರೆ ಥ್ರೆಡ್ಡಿಂಗ್ ಕೆಲಸ ಮುಗಿದಂತೆ.

ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಮಷೀನಿಗೆ ಮಾತ್ರ ಕರೆಂಟ್ ಕೊಟ್ಟು ತೋರಿಸದಿದ್ದರೆ ನಾನು ಕೈ ಹಾಕಲ್ಲ. ತಿಂಗಳುಗಟ್ಟಲೆ ನಿಂತಿದ್ದರೆ ಕಂಟ್ರೋಲರಿನ ಬ್ಯಾಟರಿ ಸತ್ತು, ಒಳಗಿನ ಪ್ಯಾರಾಮೀಟರ್‌ಗಳು, ಅಂದರೆ ಆ ಮಷೀನಿನ ಸೆಟ್ಟಿಂಗುಗಳು, ಅಳಿಸಿಹೋಗಿರಬಹುದು. ಬ್ಯಾಕಪ್ ಕಾಪಿಯಾಗಲೀ, ಪ್ಯಾರಾಮೀಟರ್ ಶೀಟ್ ಆಗಲೀ ಎಲೆಕ್ಟ್ರಿಕಲ್ ಪ್ಯಾನೆಲ್ ಬಾಗಿಲ ಒಳಗೆ ಸಿಕ್ಕಿದರೆ ಮಾತು ಬೇರೆ. ಅದಕ್ಕೇ ಯಾವ ಸಿಎನ್‌ಸಿ ಕಂಡರೂ ಮೊದಲು ಆ ಬಾಗಿಲು ತೆಗೆದು ನೋಡುತ್ತೇನೆ.