ಸಂಬಳ ನಿಂತಾಗ ಮೊದಲು ಯಾರ ದುಡ್ಡು ಕೊಡಬೇಕು

ಸರಕಾರಿ ನೌಕರಿ ಇದ್ದ ಮನೆಯಲ್ಲಿ ಒಂದನೇ ತಾರೀಖಿಗೆ ದುಡ್ಡು ಬಂದೇ ಬರುತ್ತದೆ ಅಂತ ಎಲ್ಲರೂ ತಿಳಿದಿರುತ್ತಾರೆ. ನಮ್ಮ ಮನೆಯವರಿಗೆ ವಿಜಯಪುರ ಜಿಲ್ಲೆಯಿಂದ ಬಾಗಲಕೋಟೆಗೆ ವರ್ಗ ಆದಮೇಲೆ ಹಾಗೆ ಬರಲಿಲ್ಲ. ಕೆಲಸ ಇತ್ತು, ಹಾಜರಿ ಇತ್ತು, ಸಂಬಳ ಇರಲಿಲ್ಲ.

ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ಹಳೆಯ ಕಚೇರಿಯಿಂದ ಎಲ್‌ಪಿಸಿ ಬರಬೇಕು, ಅಂದರೆ ಕೊನೆಯ ಸಂಬಳದ ಪ್ರಮಾಣಪತ್ರ. ಎಚ್‌ಆರ್‌ಎಂಎಸ್‌ನಲ್ಲಿ, ಅಂದರೆ ಸರಕಾರಿ ನೌಕರರ ಸಂಬಳದ ಲೆಕ್ಕ ಇಡುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ, ಹಳೆಯ ಕಚೇರಿ ಹೆಸರು ಬಿಟ್ಟುಕೊಡಬೇಕು, ಹೊಸ ಕಚೇರಿ ತಗೊಳ್ಳಬೇಕು. ಆಮೇಲೆ ಹೊಸ ಕಚೇರಿಯ ಬಿಲ್ಲಿನಲ್ಲಿ ಹೆಸರು ಸೇರಿ ಅದು ಖಜಾನೆಗೆ ಹೋಗಬೇಕು. ನಡುವೆ ಎಲ್ಲಿ ತಡವಾದರೂ ಆ ತಿಂಗಳು ಕೈ ಖಾಲಿ. ನಮಗೆ ಎಲ್‌ಪಿಸಿಯೇ ಬರಲಿಲ್ಲ. ಒಂದು ತಿಂಗಳು ಹೋಯಿತು, ಮತ್ತೊಂದೂ ಹೋಯಿತು.

ಮನೆಯ ಲೆಕ್ಕ ನೋಡುವವಳು ನಾನು. ನವನಗರದ ಬಾಡಿಗೆ ಮನೆಗೆ ಆಗಷ್ಟೇ ಸಾಮಾನು ಇಳಿಸಿದ್ದೆವು. ಮುಂಗಡ ಕೊಟ್ಟು, ಲಾರಿ ಬಾಡಿಗೆ ಕೊಟ್ಟು ಉಳಿತಾಯ ತೆಳ್ಳಗಾಗಿತ್ತು. ಮಕ್ಕಳ ಶಾಲೆಯ ಫೀ ಕಟ್ಟುವ ಹೊತ್ತೂ ಅದೇ. ಮನೆಯವರು ಸಂಬಳದ ಕಾಗದದ ಹಿಂದೆ ಬಿದ್ದರು, ನಾನು ಬಿಲ್ಲುಗಳ ಹಿಂದೆ. ಹೀಗೆ ಕೆಲಸ ಹಂಚಿಕೊಂಡಿದ್ದು ಒಳ್ಳೆಯದೇ ಆಯಿತು. ಇಬ್ಬರೂ ಅದನ್ನೇ ಚಿಂತೆ ಮಾಡುತ್ತಾ ಕೂತರೆ ಎರಡೂ ಕೆಡುತ್ತವೆ.

ಯಾರಿಗೆ ಎಷ್ಟು ಕೊಡಬೇಕು ಅಂತ ಎಲ್ಲರೂ ಪಟ್ಟಿ ಮಾಡುತ್ತಾರೆ. ನಾನು ಅದರ ಪಕ್ಕದಲ್ಲಿ ಇನ್ನೊಂದು ಬರೆದೆ: ಇವರು ಎಷ್ಟು ದಿನ ತಡೆಯಬಲ್ಲರು? ಅದನ್ನು ಬರೆದ ಮೇಲೆ ಪಟ್ಟಿಯ ಕ್ರಮವೇ ತಿರುಗಿತು. ಸಾಮಾನ್ಯವಾಗಿ ನಾವು ದೊಡ್ಡ ಬಿಲ್ಲಿಗೆ ಹೆದರಿ ಅದನ್ನು ಮೊದಲು ಕಟ್ಟುತ್ತೇವೆ, ಹಾಲಿನವರಿಗೆ "ಮುಂದಿನ ವಾರ ನೋಡೋಣ" ಅನ್ನುತ್ತೇವೆ. ನನ್ನ ಪ್ರಕಾರ ಇದು ಉಲ್ಟಾ. ನಮಗೆ ಹಾಲು ಹಾಕುವವರ ಮನೆಯಲ್ಲಿ ಮೂರು ಎಮ್ಮೆ. ಹಿಂಡಿ, ಹೊಟ್ಟು, ಮೇವು ಎಲ್ಲಾ ರೊಕ್ಕ ಕೊಟ್ಟೇ ತರಬೇಕು. ನಮ್ಮ ತಿಂಗಳ ಹಾಲಿನ ದುಡ್ಡು ನಿಂತರೆ ಅವರ ಎಮ್ಮೆಯ ಹಿಂಡಿ ನಿಲ್ಲುತ್ತದೆ. ಪಾತ್ರೆ ತಿಕ್ಕಲು ಬರುವ ಅಕ್ಕನ ಮನೆಯೂ ಅಷ್ಟೇ, ನಮ್ಮ ಮನೆಯಂಥ ನಾಲ್ಕು ಮನೆಗಳ ಪಗಾರದ ಮೇಲೆ ನಡೆಯುವುದು. ಸಂಬಳ ನಿಂತಿದ್ದು ನಮಗೆ, ಅವರಿಗೆ ಯಾಕೆ ನಿಲ್ಲಬೇಕು? ಇವರಿಬ್ಬರ ದುಡ್ಡನ್ನು ಒಂದು ತಿಂಗಳೂ ತಪ್ಪಿಸಲಿಲ್ಲ. ಹಾಲನ್ನು ಒಂದೂವರೆ ಲೀಟರಿನಿಂದ ಒಂದು ಲೀಟರಿಗೆ ಇಳಿಸಿದೆ, ಅದನ್ನೂ ಮೊದಲೇ ಹೇಳಿ.

ಆದರೆ ಇವರಿಗಿಂತ ಮುಂಚೆ ನೋಡಬೇಕಾದದ್ದು ಒಂದಿದೆ. ಖಾತೆಯಿಂದ ತಾನೇ ಕಡಿತವಾಗುವ ದುಡ್ಡು. ಗಾಡಿಯ ಸಾಲದ ಕಂತು, ವಿಮೆ, ಆರ್‌ಡಿ, ಮೊಬೈಲಿನ ಸಿನಿಮಾ ಆ್ಯಪಿನ ತಿಂಗಳ ಚಂದಾ. ಇವು ಯಾರ ಮಾತನ್ನೂ ಕೇಳುವುದಿಲ್ಲ, ತಾರೀಖು ಬಂದರೆ ಖಾತೆಗೆ ಕೈ ಹಾಕುತ್ತವೆ. ದುಡ್ಡು ಇಲ್ಲದಿದ್ದರೆ ಕಂತು ಬೌನ್ಸ್ ಆಗುತ್ತದೆ. ಆಗ ಸಾಲ ಕೊಟ್ಟವರೂ ದಂಡ ಹಾಕುತ್ತಾರೆ, ನಮ್ಮ ಖಾತೆ ಇರುವ ಬ್ಯಾಂಕೂ ಹಾಕುತ್ತದೆ, ಅದರ ಮೇಲೆ ಜಿಎಸ್‌ಟಿ ಬೇರೆ. ಒಂದೇ ತಪ್ಪಿಗೆ ಎರಡು ಕಡೆ ದಂಡ. ಸಂಬಳ ನಿಂತ ಮೊದಲ ವಾರದಲ್ಲೇ ಫೋನ್ ತೆಗೆದು ಯುಪಿಐ ಆಟೋಪೇನಲ್ಲಿ ಏನೇನಿದೆ ನೋಡಿದೆ. ಬೇಡದ್ದನ್ನು ಅಲ್ಲೇ ರದ್ದು ಮಾಡಿದೆ. ಇಂಥ ಚಂದಾ ಕಡಿತವಾಗುವ 24 ಗಂಟೆ ಮುಂಚೆ ಸಂದೇಶ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಆ ಸಂದೇಶಗಳನ್ನು ಸುಮ್ನೆ ಅಳಿಸಬೇಡಿ, ಓದಿ.

ಗಾಡಿ ಸಾಲದ ಬ್ಯಾಂಕಿಗೆ ತಾರೀಖಿಗೆ ಮೊದಲೇ ಹೋದೆ. ವರ್ಗಾವಣೆಯ ಆದೇಶ, ಹೊಸ ಕಚೇರಿಗೆ ಹಾಜರಾದ ವರದಿ, ಎಲ್‌ಪಿಸಿ ಬರದ ಕಾರಣ ಸಂಬಳ ತಡೆದಿದೆ ಅಂತ ಕಚೇರಿಯ ಒಂದು ಪತ್ರ. ಈ ಮೂರರ ಝೆರಾಕ್ಸ್ ಜೊತೆಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಂಡೆ. ಸಾಲಗಾರರೇ ಸಹಿ ಮಾಡಿದ ಅರ್ಜಿ ಬೇಕು, ಹೆಂಡತಿಯ ಮಾತು ನಡೆಯುವುದಿಲ್ಲ, ಅದಕ್ಕೇ ಮನೆಯವರ ಸಹಿ ಮೊದಲೇ ಮಾಡಿಸಿದ್ದೆ. ಕಂತಿನ ತಾರೀಖನ್ನು ತಿಂಗಳ ಮಧ್ಯಕ್ಕೆ ಸರಿಸಿಕೊಟ್ಟರು. ಕಂತು ಮಾಫಿ ಆಗಲಿಲ್ಲ, ಆಗುವುದೂ ಇಲ್ಲ. ಉಸಿರಾಡಲು ಸ್ವಲ್ಪ ಹೊತ್ತು ಸಿಕ್ಕಿತು, ಅಷ್ಟೇ ಬೇಕಿತ್ತು. ಇನ್ನೊಂದು ಗೊತ್ತಿರಲಿ. 2024ರಿಂದ ಬ್ಯಾಂಕುಗಳು ತಡವಾದ ಕಂತಿಗೆ ದಂಡವನ್ನು ಬಡ್ಡಿಯ ರೂಪದಲ್ಲಿ ಹಾಕುವಂತಿಲ್ಲ, ಆ ದಂಡದ ಮೇಲೆ ಮತ್ತೆ ಬಡ್ಡಿಯನ್ನೂ ಹಾಕುವಂತಿಲ್ಲ. ಆದರೆ ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲದ ಪಟ್ಟಿಗೆ ಸೇರುತ್ತದೆ. ಆಮೇಲೆ ಮಕ್ಕಳ ಓದಿಗೆ ಸಾಲ ಕೇಳಲು ಹೋದಾಗಲೂ ಅದು ಎದುರಿಗೆ ಬರುತ್ತದೆ. ಎಷ್ಟೇ ಕಷ್ಟವಾದರೂ ಆ ಗೆರೆ ದಾಟಬಾರದು ಅಂತ ನಾನು ಗಟ್ಟಿ ಮಾಡಿಕೊಂಡಿದ್ದೆ.

ಎಲ್‌ಐಸಿ ಕಂತಿಗೆ ತಾರೀಖು ದಾಟಿದ ಮೇಲೂ ಕಟ್ಟಲು ರಿಯಾಯಿತಿ ಅವಧಿ ಇರುತ್ತದೆ, ತಿಂಗಳ ಕಂತಾದರೆ 15 ದಿನ, ಮೂರು ತಿಂಗಳು, ಆರು ತಿಂಗಳು, ವರ್ಷದ ಕಂತಾದರೆ 30 ದಿನ. ನಮ್ಮದು ಆರು ತಿಂಗಳದ್ದು, ಆ 30 ದಿನವನ್ನು ಪೂರ್ತಿ ಬಳಸಿಕೊಂಡೆ.

ಕರೆಂಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ವರ್ಗವಾದವರಲ್ಲಿ ಬಹಳ ಮಂದಿ ಇದನ್ನು ಮರೆಯುತ್ತಾರೆ. ಗೃಹಜ್ಯೋತಿ, ಅಂದರೆ ಸರಕಾರದ ಉಚಿತ ಕರೆಂಟಿನ ಯೋಜನೆ, ಬಾಡಿಗೆ ಮನೆಗೂ ಸಿಗುತ್ತದೆ. ಆದರೆ ಒಬ್ಬರ ಆಧಾರ್‌ಗೆ ಒಂದೇ ಮೀಟರ್. ಹಳೆಯ ಮನೆಯ ಆರ್‌ಆರ್ ನಂಬರಿನಿಂದ (ಕರೆಂಟ್ ಬಿಲ್ಲಿನ ಮೇಲಿರುವ ಸಂಪರ್ಕದ ನಂಬರ್) ಆಧಾರ್ ಬಿಡಿಸದೆ ಹೊಸ ಮನೆಗೆ ಅರ್ಜಿ ಹಾಕಲು ಬರುವುದಿಲ್ಲ. ಸೇವಾಸಿಂಧುವಿನಲ್ಲಿ ಬಿಡಿಸಿ, ಬಾಡಿಗೆ ಕರಾರು ಪತ್ರ ಇಟ್ಟು ಹೊಸದಕ್ಕೆ ಜೋಡಿಸಿದೆ. ಅಲ್ಲಿಯವರೆಗಿನ ಹೆಸ್ಕಾಂ ಬಿಲ್ ಕೈಯಿಂದಲೇ ಕಟ್ಟಿದ್ದು. ಜೋಡಿಸಿದ ಮೇಲೂ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮ ತಲೆಗೆ. ಅದಕ್ಕೇ ವಾರಕ್ಕೊಮ್ಮೆ ಮೀಟರ್ ನೋಡುವ ಕೆಲಸವನ್ನು ದೊಡ್ಡ ಮಗನಿಗೆ ಕೊಟ್ಟೆ. ಗೀಜರ್ ಬಂದ್ ಮಾಡಿ ಒಲೆಯ ಮೇಲೆ ನೀರು ಕಾಯಿಸಿದೆವು.

ಮನೆ ಮಾಲಕರು ವಯಸ್ಸಾದ ಆಯಿ, ಬಾಡಿಗೆಯೇ ಅವರ ಆಧಾರ. ಪೂರ್ತಿ ತಡೆಹಿಡಿಯಲು ಮನಸ್ಸಾಗಲಿಲ್ಲ. "ಆಯಿ, ಪಗಾರ ಬರೂತನಕ ಅರ್ಧ ಬಾಡಿಗಿ ಕೊಡ್ತೀನಿ, ಉಳಿದದ್ದು ಬಂದ ದಿನಾನ ಕೊಡ್ತೀನಿ" ಅಂದೆ. "ಮೊದಲ ಹೇಳಿದಿ ನೋಡವಾ, ಅದು ಛಲೋ ಆತು. ನನ್ನ ಗುಳಿಗಿ ತರೂದಕ್ಕಷ್ಟು ಆದ್ರ ಸಾಕು" ಅಂದರು. ಕಿರಾಣಿ ಅಂಗಡಿಯ ಕಾಕಾ ನಮಗೆ ಹೊಸಬರು, ಗುರುತಿಲ್ಲದವರಿಗೆ ಉದ್ರಿ ಕೊಡುವುದಿಲ್ಲ. ನಾನೂ ಕೇಳಲಿಲ್ಲ. ರಾಶಿ ಕಾಲಕ್ಕೆ ವರ್ಷದ ಬಿಳಿಜೋಳ, ತೊಗರಿಬೇಳೆ ತುಂಬಿಟ್ಟಿದ್ದು ಆ ತಿಂಗಳುಗಳಲ್ಲಿ ನಮ್ಮನ್ನು ಕಾಯಿತು. ಎಣ್ಣೆ, ಸಕ್ಕರೆ, ಚಹಾಪುಡಿ ಮಾತ್ರ ರೊಕ್ಕಕ್ಕೆ ತಂದೆ. ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇದ್ದರೆ ಕಾಯಿಪಲ್ಲೆ ದಿನಾ ಬೇಕಂತಿಲ್ಲ ಅಲ್ವಾ.

ಇಷ್ಟಾದರೂ ದುಡ್ಡು ಸಾಲಲಿಲ್ಲ, ಶಾಲೆಯ ಫೀ ಉಳಿದಿತ್ತು. ಶಾಲೆಯವರು ಅರ್ಜಿ ತಗೊಂಡು ಎರಡು ಕಂತು ಮಾಡಿದರು, ಮೊದಲನೆಯದಕ್ಕೇ ಸಾಲ ಬೇಕಾಯಿತು. ಪರಿಚಯದವರೊಬ್ಬರು ಕೈಸಾಲ ಕೊಡಿಸುತ್ತೇನೆ ಅಂದರು, ತಿಂಗಳಿಗೆ ನೂರಕ್ಕೆ ಮೂರು ಬಡ್ಡಿ. ಕೇಳಲು ಸಣ್ಣದು. 50,000ಕ್ಕೆ ತಿಂಗಳಿಗೆ 1,500, ವರ್ಷಕ್ಕೆ 36 ಪರ್ಸೆಂಟ್. ಅದೇ ದುಡ್ಡಿಗೆ ಬಂಗಾರ ಅಡ ಇಟ್ಟರೆ, ವರ್ಷಕ್ಕೆ 10 ಪರ್ಸೆಂಟ್ ಅಂತ ಹಿಡಿದರೂ ತಿಂಗಳಿಗೆ 417 ರೂಪಾಯಿ. ಪಾಟ್ಲಿ ತಗೊಂಡು ಬ್ಯಾಂಕಿಗೆ ಹೋದೆ. ಬಂಗಾರ ಇಡುವುದು ಮರ್ಯಾದೆಯ ಪ್ರಶ್ನೆ ಅಂತ ನಮ್ಮ ಕಡೆ ಬಹಳ ಮಂದಿ ಹಿಂಜರಿಯುತ್ತಾರೆ, ಗುಟ್ಟಾಗಿ ಹೆಚ್ಚಿನ ಬಡ್ಡಿಗೆ ಸಿಕ್ಕಿಬೀಳುತ್ತಾರೆ. ಸಂಬಳ ಬರುವುದು ಖಾತ್ರಿ ಇದ್ದು, ತಡ ಮಾತ್ರ ಆಗಿದ್ದರೆ ಬಂಗಾರದ ಸಾಲಕ್ಕಿಂತ ಸರಳವಾದದ್ದು ಇಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಕ್ರೆಡಿಟ್ ಕಾರ್ಡಿನಲ್ಲಿ ಕನಿಷ್ಠ ಮೊತ್ತ ಕಟ್ಟಿ ಮುಂದೂಡುವುದೂ, ಮೊಬೈಲಿನ ಸಾಲದ ಆ್ಯಪ್‌ಗಳೂ ಆ ಮೂರು ಪರ್ಸೆಂಟಿನ ಅಣ್ಣತಮ್ಮಂದಿರೇ.

ಎಲ್‌ಪಿಸಿ ಬಂತು, ಬಾಕಿ ಸಂಬಳ ಒಟ್ಟಿಗೇ ಜಮೆ ಆಯಿತು. ತಿಂಗಳ ಸಂಬಳವನ್ನು ತಿಂಗಳ ಲೆಕ್ಕದಿಂದ ಗುಣಿಸಿದಷ್ಟು ಕೈಗೆ ಬರುತ್ತದೆ ಅಂತ ನಂಬಬೇಡಿ. ನಿಂತಿದ್ದ ತಿಂಗಳುಗಳ ಕೆಜಿಐಡಿ (ಸರಕಾರಿ ನೌಕರರ ವಿಮೆ), ಎನ್‌ಪಿಎಸ್ (ಪಿಂಚಣಿಯ ಕಡಿತ), ಸೊಸೈಟಿ ಸಾಲದ ಕಂತು ಎಲ್ಲಾ ಒಮ್ಮೆಲೇ ಹಿಡಿಯುತ್ತಾರೆ. ಇದನ್ನು ಮೊದಲೇ ಎಣಿಸಿದ್ದರಿಂದ ಯಾರಿಗೂ ಹೆಚ್ಚಿನ ಭರವಸೆ ಕೊಟ್ಟಿರಲಿಲ್ಲ. ಮೊದಲು ಆಯಿಯ ಉಳಿದ ಬಾಡಿಗೆ ಅವತ್ತು ಸಂಜೆಯೇ ಕೊಟ್ಟೆ. ಆಮೇಲೆ ಫೀಯ ಎರಡನೇ ಕಂತು. ಪಾಟ್ಲಿ ಬಿಡಿಸಲು ಇನ್ನೆರಡು ಸಂಬಳ ಬೇಕಾಯಿತು, ಅದಕ್ಕೆ ಅವಸರ ಮಾಡಲಿಲ್ಲ.

ಈಗ ಅಂಚೆ ಕಚೇರಿಯಲ್ಲಿ ಬೇರೆ ಒಂದು ಖಾತೆ ಇದೆ. ಹಾಲು, ಪಾತ್ರೆಯ ಅಕ್ಕನ ಪಗಾರ, ಅರ್ಧ ಬಾಡಿಗೆ, ಗಾಡಿಯ ಕಂತು, ಇಷ್ಟಕ್ಕೆ ಮೂರು ತಿಂಗಳಿಗೆ ಬೇಕಾಗುವಷ್ಟು ಅದರಲ್ಲಿ ತುಂಬುತ್ತಿದ್ದೇನೆ. ಆ ಖಾತೆಗೆ ಎಟಿಎಂ ಕಾರ್ಡ್ ತಗೊಂಡಿಲ್ಲ. ಮನೆಯವರು ಎಲ್‌ಪಿಸಿ, ಹಾಜರಿ ವರದಿ, ಆದೇಶ ಎಲ್ಲದರ ಪ್ರತಿ ಒಂದೇ ಫೈಲಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟಿದ್ದಾರೆ. ಮುಂದಿನ ವರ್ಗಕ್ಕೆ ಇನ್ನೂ ಸಮಯವಿದೆ.